ಹಿಡಿಗೂ ಹೆದೆಗೂ ನಡುವೆ

ಅಜ್ಞಾತವಾಸಕ್ಕೆಂದು ವಿರಾಟನ ಪಟ್ಟಣಕ್ಕೆ ಹೊರಟಾಗ ವೇಷ ಮರೆಸುವುದು ಎಲ್ಲರಿಗಿಂತ ಫಜೀತಿಯಾದದ್ದು ಅರ್ಜುನನಿಗೆ. ಗಾಂಡೀವವನ್ನೇನೋ ಬನ್ನಿಮರದ ಮೇಲೆ ಕಟ್ಟಿಡಬಹುದು. ತೋಳಿನ ಮೇಲಿನ ಕಲೆಯನ್ನು ಎಲ್ಲಿ ಕಟ್ಟಿಡುವುದು? ವರ್ಷಗಟ್ಟಲೆ ಹೆದೆ ಬಡಿದು ಬಡಿದು ಜಡ್ಡುಗಟ್ಟಿದ ಗುರುತು. ಸವ್ಯಸಾಚಿಯಾದ್ದರಿಂದ ಎರಡೂ ಕೈಗಳ ಮೇಲೆ. ಬೃಹನ್ನಳೆ ಬಳೆ ತೊಟ್ಟದ್ದು ಸೀರೆಗೆ ಒಪ್ಪಲಿ ಎಂದಷ್ಟೇ ಅಲ್ಲ, ಆ ಕಲೆಗಳನ್ನು ಮುಚ್ಚಲು. ಮಳೆ ಕೈಕೊಟ್ಟ ವರ್ಷ ಊರಲ್ಲಿ ವಿರಾಟಪರ್ವ ಓದಿಸುವಾಗ ಈ ಮಾತು ನನ್ನ ಕಿವಿಗೂ ಬಿದ್ದಿತ್ತು. ಅದು ಮೈಗೆ ಅರ್ಥವಾದದ್ದು ಮಾತ್ರ ನಲವತ್ತು ದಾಟಿದ ಮೇಲೆ, ಒಂದು ಬಿಲ್ಲು ಕೊಂಡಾಗ.

ನನ್ನದು 62 ಇಂಚು ಉದ್ದದ, 35 ಪೌಂಡು ಎಳೆತದ ರಿಕರ್ವ್. ತುದಿಗಳು ಮುಂದಕ್ಕೆ ಬಾಗಿರುತ್ತವೆ, ಮರದ ಪಟ್ಟಿಗೆ ಫೈಬರ್‌ಗ್ಲಾಸ್ ಹೊದಿಸಿರುತ್ತಾರೆ, ಮೂರು ಭಾಗವಾಗಿ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಬಹುದು. ಮೊದಲ ಭಾನುವಾರವೇ ಎಡಗೈ ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ ನೇರಳೆ ಬಣ್ಣದ ಬಾಸುಂಡೆ ಎದ್ದಿತು. ಬಾಣ ಹೋಗುತ್ತಿತ್ತು, ಆದರೆ ಬಾಲ ಅಲ್ಲಾಡಿಸುತ್ತ ಮೀನಿನ ಹಾಗೆ. ಬಿಲ್ಲು ಪ್ರತಿ ಸಲವೂ ತಗಡಿಗೆ ಕೋಲು ಬಡಿದಂತೆ ಸದ್ದು ಮಾಡುತ್ತಿತ್ತು. ತೋಟದಲ್ಲಿ ನಮ್ಮ ಜೊತೆ ಅಭ್ಯಾಸ ಮಾಡುವ, ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರು ತಮ್ಮ ಬಾಣಗಳನ್ನು ಕೀಳಲು ಹೋಗುತ್ತಿದ್ದವರು ನಿಂತರು.

“ಏನ್ ಸಾರ್, ಬಿಲ್ಲು ಹಿಂಗೆ ಕಿರುಚ್ತಾ ಇದೆ? ಹೈಟ್ ಎಷ್ಟಿದೆ?”

“ಐದು ಅಡಿ ಆರು.”

“ನಿಮ್ಮದಲ್ಲ ಸಾರ್, ಬಿಲ್ಲಿಂದು.”

ಬ್ರೇಸ್ ಹೈಟ್ ಎಂಬ ಪದ ನನಗೆ ಪರಿಚಯವಾದದ್ದು ಹಾಗೆ. ಹೆದೆಯೇರಿಸಿದ ಬಿಲ್ಲು, ಇನ್ನೂ ಎಳೆದಿಲ್ಲ, ಸುಮ್ಮನೆ ಕೈಯಲ್ಲಿದೆ. ಆಗ ಹಿಡಿಯಲ್ಲಿ ಹೆಬ್ಬೆರಳಿನ ಕವಲು ಕೂರುವ ಅತಿ ಆಳವಾದ ಜಾಗದಿಂದ ಹೆದೆಗೆ ನೇರವಾಗಿ ಅಳೆದರೆ ಎಷ್ಟು ದೂರ ಬರುತ್ತದೋ ಅದು ಬ್ರೇಸ್ ಹೈಟ್. ಹೆದೆಯೆತ್ತರ ಅಂತ ಕರೆಯೋಣ, ಕೇಳಲು ಚೆನ್ನಾಗಿದೆ. ಹೆದೆಯೇರಿಸುವ ಮಾತು ನಮ್ಮ ಪುರಾಣಗಳ ತುಂಬ ಇದೆ. ಜನಕನ ಆಸ್ಥಾನದಲ್ಲಿ ಪರೀಕ್ಷೆ ಇದ್ದದ್ದೇ ಅದರಲ್ಲಿ. ಆದರೆ ಎಷ್ಟು ಏರಿಸಬೇಕು ಎಂಬ ಪ್ರಶ್ನೆಯನ್ನು ಹರಿದಾಸರು ಯಾರೂ ಎತ್ತಿದ್ದು ನಾನು ಕೇಳಿಲ್ಲ. ರಾಮ ಏರಿಸಿ ಎಳೆದ ರಭಸಕ್ಕೆ ಬಿಲ್ಲೇ ಮುರಿದದ್ದರಿಂದ ಆ ಪ್ರಶ್ನೆ ಅಲ್ಲಿಗೇ ಮುಗಿಯಿತೇನೋ.

ಹಿರಿಯರು ಚೀಲದಿಂದ ಇಂಗ್ಲಿಷಿನ ಟಿ ಅಕ್ಷರದ ಆಕಾರದ ಒಂದು ಅಳತೆಪಟ್ಟಿ ತೆಗೆದು ಹೆದೆಗೆ ಸಿಕ್ಕಿಸಿ ನೋಡಿದರು. ಆರೂಕಾಲು ಇಂಚು. ಬಿಲ್ಲಿನ ಜೊತೆ ಬಂದ ಚೀಟಿಯಲ್ಲಿ ಏಳೂವರೆಯಿಂದ ಎಂಟೂವರೆ ಎಂದಿತ್ತು, ನಾನು ಓದಿರಲಿಲ್ಲ. ಡೇಕ್ರಾನ್ ನೂಲಿನ ಹೊಸ ಹೆದೆ ಬಿಗುವಿಗೆ ಬಿದ್ದ ಮೊದಲ ಕೆಲವು ದಿನ ಹಿಗ್ಗುತ್ತದೆ. ಹಿಗ್ಗಿದಷ್ಟೂ ಬಿಲ್ಲು ನೆಟ್ಟಗಾಗುತ್ತದೆ, ಹೆದೆ ಕೈಯ ಹತ್ತಿರಕ್ಕೆ ಸರಿಯುತ್ತದೆ. ಅಷ್ಟು ಹತ್ತಿರ ನಿಂತ ಹೆದೆ ಬಾಣವನ್ನು ಕಳಿಸಿದ ಮೇಲೂ ಮುಂದಕ್ಕೆ ಬಂದು ತೋಳಿಗೆ ಬಾರಿಸದೆ ಇನ್ನೇನು ಮಾಡೀತು. ನಮ್ಮ ಹಳಬರು ಇದಕ್ಕೆ ಕಂಡುಕೊಂಡ ಉಪಾಯ ತೋಳಿಗೆ ಚರ್ಮ ಕಟ್ಟುವುದು. ಮಹಾಭಾರತದಲ್ಲಿ ಮತ್ತೆ ಮತ್ತೆ ಬರುವ ಗೋಧಾಂಗುಲಿತ್ರಾಣ ಎಂಬ ಮಾತಿನಲ್ಲಿ ಗೋಧಾ ಅಂದರೆ ಉಡ. ಉಡದ ತೊಗಲನ್ನು ತೋಳಿಗೆ ಸುತ್ತಿಕೊಳ್ಳುತ್ತಿದ್ದರು. ಈಗ ಅಂಗಡಿಯಲ್ಲಿ ಸಿಗುವ ಆರ್ಮ್ ಗಾರ್ಡ್ ಅದರ ಮರಿಮಗ.

ಹೆದೆ ಕೆಳಗಿರಬೇಕೋ ಮೇಲಿರಬೇಕೋ ಎಂಬ ಜಗಳವನ್ನು ನನಗೆ ತಿಳಿದ ಮಟ್ಟಿಗೆ ಎಲ್ಲರಿಗಿಂತ ಚೆನ್ನಾಗಿ ಬಿಡಿಸಿದವನು ಒಬ್ಬ ಗ್ರೀಕ್ ಮೇಷ್ಟ್ರು. ಹೆಸರು ರೋಜರ್ ಆಸ್ಕಂ. ಕೇಂಬ್ರಿಜ್‌ನ ವಿದ್ವಾಂಸ, ಮುಂದೆ ರಾಣಿಯಾಗಲಿದ್ದ ಎಲಿಜಬೆತ್‌ಗೆ ಪಾಠ ಹೇಳಿದವನು. 1545ರಲ್ಲಿ ‘ಟಾಕ್ಸೋಫಿಲಸ್’ ಎಂಬ ಪುಸ್ತಕ ಬರೆದು ಎಂಟನೇ ಹೆನ್ರಿಗೆ ಅರ್ಪಿಸಿದ. ಬಿಲ್ವಿದ್ಯೆಯ ಬಗ್ಗೆ ಇಂಗ್ಲಿಷ್‌ನಲ್ಲಿ ಬಂದ ಮೊದಲ ಪುಸ್ತಕ ಅದು. ಅದೇ ವರ್ಷದ ಜುಲೈನಲ್ಲಿ ಹೆನ್ರಿಯ ಯುದ್ಧನೌಕೆ ಮೇರಿ ರೋಸ್ ನೂರಾರು ಬಿಲ್ಲು, ಸಾವಿರಾರು ಬಾಣಗಳ ಸಮೇತ ಮುಳುಗಿತು. 1982ರಲ್ಲಿ ಅದರ ಅವಶೇಷವನ್ನು ಮೇಲೆತ್ತಿದಾಗ ಆಸ್ಕಂ ಕಾಲದ ಬಿಲ್ಲುಗಳು ಹೇಗಿದ್ದವೆಂದು ಜಗತ್ತು ಕಣ್ಣಾರೆ ಕಂಡಿತು. ಯೂ ಮರದ, ಆಳೆತ್ತರವನ್ನೂ ಮೀರಿದ ದೊಣ್ಣೆಗಳು.

ಆಸ್ಕಂ ಲೆಕ್ಕ ವ್ಯಾಪಾರಿಯ ಲೆಕ್ಕದಂತಿದೆ. ಕಡಿಮೆ ಬಾಗಿಸಿ ಹೆದೆ ಕಟ್ಟಿದರೆ ಲಾಭ ಒಂದೇ: ಬಾಣ ಬಿರುಸಾಗಿ, ದೂರ ಹೋಗುತ್ತದೆ, ಯಾಕೆಂದರೆ ಬಾಣವನ್ನು ಬಿಡುವ ಮುನ್ನ ಹೆದೆ ಹೆಚ್ಚು ದೂರ ಅದನ್ನು ತಳ್ಳಿಕೊಂಡು ಬರುತ್ತದೆ. ಹೆಚ್ಚು ಬಾಗಿಸಿ ಕಟ್ಟಿದರೆ ಲಾಭ ಹಲವು. ತೋಳಿಗೂ ಅಂಗಿಯ ತೋಳಿಗೂ ಹೆದೆ ತಾಗದು, ಬಾಣದ ಗರಿ ಕೆಡದು, ಎಳೆಯಲು ಸುಲಭ, ಗುರಿ ಚೆನ್ನಾಗಿ ಕಾಣುತ್ತದೆ. ಹೀಗೆಂದು ಆತ ಕೊಡುವ ಅಳತೆ ಕೈಯಿಂದಲೇ: ಮುಷ್ಟಿ ಕಟ್ಟಿ ಹೆಬ್ಬೆರಳು ನಿಲ್ಲಿಸಿದಷ್ಟು, ಅದರ ಮೇಲೆ ಕನಿಷ್ಠ ಎರಡು ಬೆರಳು. ನನ್ನ ಕೈಯಲ್ಲಿ ಅಳೆದರೆ ಮುಷ್ಟಿ ಮತ್ತು ಹೆಬ್ಬೆರಳು ಆರು ಇಂಚು ದಾಟುತ್ತದೆ, ಎರಡು ಬೆರಳು ಸೇರಿದರೆ ಏಳೂವರೆ ದಾಟುತ್ತದೆ. ನನ್ನ ಬಿಲ್ಲಿನ ಚೀಟಿಯಲ್ಲಿದ್ದ ಕೆಳಗಿನ ಅಂಕಿಯೂ ಅದೇ. ಸುಮಾರು 480 ವರ್ಷಗಳ ನಂತರ, ಬೇರೆ ಆಕಾರದ, ಬೇರೆ ವಸ್ತುವಿನ ಬಿಲ್ಲಿಗೆ. ಎಷ್ಟೆಂದರೂ ಅಳೆಯುವುದು ಬಿಲ್ಲನ್ನಷ್ಟೇ ಅಲ್ಲ, ಅದನ್ನು ಹಿಡಿದ ಕೈಯನ್ನೂ.

ಮುಷ್ಟಿಯ ಅಳತೆ ಇಂಗ್ಲೆಂಡಿನ ಸ್ವತ್ತೂ ಅಲ್ಲ. ಜಪಾನಿನ ಕ್ಯೂದೊ ಅಭ್ಯಾಸಿಗಳು ಎರಡು ಮೀಟರಿಗೂ ಉದ್ದದ ತಮ್ಮ ಬಿಲ್ಲಿಗೆ ಹೆದೆಯೇರಿಸಿ, ಹೆಬ್ಬೆರಳು ನಿಲ್ಲಿಸಿದ ಮುಷ್ಟಿಯನ್ನು ಹಿಡಿಯ ಮೇಲಿಟ್ಟು ನೋಡುತ್ತಾರೆ. ಸುಮಾರು 15 ಸೆಂಟಿಮೀಟರ್ ಬಂದರೆ ಸರಿ.

ವೇಗದ ಮಾತನ್ನು ಸ್ವಲ್ಪ ತೂಗಿ ನೋಡಬೇಕು, ಯಾಕೆಂದರೆ ಹೊಸಬರೆಲ್ಲ ಮೊದಲು ಮಾರುಹೋಗುವುದು ಅದಕ್ಕೇ. ಹಿಡಿಯಿಂದ 26 ಇಂಚು ಎಳೆಯುವ ಬಿಲ್ಲುಗಾರನ ಹೆದೆಯೆತ್ತರ 8 ಇಂಚಿದ್ದರೆ ಬಾಣಕ್ಕೆ ತಳ್ಳು ಸಿಗುವುದು 18 ಇಂಚು ದೂರ. ಹೆದೆಯನ್ನು 7ಕ್ಕೆ ಇಳಿಸಿದರೆ 19. ಎಳೆತದ ತೂಕ ಹೆಚ್ಚುಕಡಿಮೆ ಅಷ್ಟೇ ಇದೆ ಎಂದುಕೊಂಡರೆ ಬಿಲ್ಲಿನಲ್ಲಿ ಕೂಡಿಡುವ ಶಕ್ತಿ ಶೇಕಡ ಐದರಷ್ಟು ಹೆಚ್ಚುತ್ತದೆ. ಆದರೆ ಶಕ್ತಿ ಐದು ಹೆಚ್ಚಿದರೆ ವೇಗ ಹೆಚ್ಚುವುದು ಅದರರ್ಧ. ಸೆಕೆಂಡಿಗೆ 170 ಅಡಿ ಓಡುವ ಬಾಣ 174 ಅಡಿ ಓಡೀತು. 20 ಮೀಟರಿನಲ್ಲಿ ನಿಂತ ಹುಲ್ಲಿನ ಗುರಿಗೆ ಇದು ಗೊತ್ತೇ ಆಗುವುದಿಲ್ಲ. ಅಷ್ಟಕ್ಕಾಗಿ ತೋಳಿನ ಚರ್ಮ ಕೊಡುವುದು ನನಗಂತೂ ದುಬಾರಿ ಅನ್ನಿಸಿತು.

ಹಾಗಂತ ಏರಿಸುತ್ತಲೇ ಹೋಗುವಂತೆಯೂ ಇಲ್ಲ. ಹೆದೆ ಮೇಲೇರಿದಷ್ಟೂ ಬಿಲ್ಲಿನ ತೋಳುಗಳು ಸುಮ್ಮನಿರುವಾಗಲೂ ಹೆಚ್ಚು ಬಾಗಿರುತ್ತವೆ, ತಳ್ಳುವ ದಾರಿ ಕಿರಿದಾಗುತ್ತದೆ. ಒಂದೇ ಮರದಿಂದ ಕೆತ್ತಿದ ಬಿಲ್ಲಾದರೆ ಆ ಹೆಚ್ಚುವರಿ ಬಾಗು ಮರದಲ್ಲೇ ಉಳಿದುಬಿಡುತ್ತದೆ. ಹೆದೆ ಇಳಿಸಿದ ಮೇಲೂ ಬಿಲ್ಲು ನೆಟ್ಟಗಾಗುವುದಿಲ್ಲ, ಬೆನ್ನು ಬಾಗಿದ ಮುದುಕನಂತೆ ನಿಲ್ಲುತ್ತದೆ. ಮರದ ಬಿಲ್ಲಿನವರು ಆಟ ಮುಗಿದ ಕೂಡಲೇ ಹೆದೆ ಇಳಿಸುವುದು ಇದೇ ಹೆದರಿಕೆಯಿಂದ.

ಇನ್ನು ಬಾಣದ ಬಾಲದಾಟ. ಹಳೆಯ ಮಾದರಿಯ ಬಿಲ್ಲಿನಲ್ಲಿ ಬಾಣ ಕೂರುವುದು ಬಿಲ್ಲಿನ ಪಕ್ಕದಲ್ಲಿ, ಹೆದೆ ಇರುವುದು ನಡುಮಧ್ಯದಲ್ಲಿ. ಪೂರ್ತಿ ಎಳೆದಾಗ ಬಾಣ ಹೆಚ್ಚುಕಡಿಮೆ ನೇರವಾಗಿ ಕಾಣುತ್ತದೆ. ಹೆದೆ ಮುಂದೆ ಬರುತ್ತ ಬರುತ್ತ ಬಾಣದ ಹಿಂತುದಿಯನ್ನು ಮಧ್ಯಕ್ಕೆ ಎಳೆಯುತ್ತದೆ, ಮುಂಭಾಗ ಬಿಲ್ಲಿಗೆ ಒತ್ತಿಕೊಂಡು ಹೊರಕ್ಕೆ ತಿರುಗಲು ನೋಡುತ್ತದೆ. ಬಾಣ ಮುರಿಯದೆ, ದಾರಿಯನ್ನೂ ತಪ್ಪದೆ, ಹಾವಿನಂತೆ ಬಳುಕಿ ಬಿಲ್ಲನ್ನು ಸುತ್ತಿಕೊಂಡು ಹೋಗುತ್ತದೆ. ನಂಬದವರಿಗೆಂದು ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ 1930ರ ದಶಕದಲ್ಲಿ ಅತಿವೇಗದ ಕ್ಯಾಮೆರಾದಲ್ಲಿ ಅದನ್ನು ಸೆರೆಹಿಡಿದು ತೋರಿಸಿದ. ಹೆದೆ ಕೈಗೆ ಹತ್ತಿರವಾದಷ್ಟೂ ಆ ಕೊನೆಯ ಗಳಿಗೆಯ ಓರೆ ಹೆಚ್ಚು, ಬಾಣದ ಬಾಲಕ್ಕೆ ಬೀಳುವ ಅಡ್ಡ ಒದೆತವೂ ಹೆಚ್ಚು. ತೋಳಿಗೆ ಬೀಳುವ ಪೆಟ್ಟನ್ನು ಚರ್ಮ ಕಟ್ಟಿ ತಡೆಯಬಹುದು. ಬಾಣಕ್ಕೆ ಬೀಳುವ ಈ ಪೆಟ್ಟಿಗೆ ಯಾವ ಉಡದ ತೊಗಲೂ ಇಲ್ಲ. ಜೊತೆಗೆ ಗರಿಯ ಸಮಸ್ಯೆ ಬೇರೆ: ಐದು ಇಂಚಿನ ಗರಿ ಕಟ್ಟಿದ ಬಾಣವನ್ನು ಆರಿಂಚಿಗೆ ನಿಂತ ಹೆದೆಗೆ ಸಿಕ್ಕಿಸಿದರೆ ಗರಿಯ ಮುಂತುದಿ ಆಗಲೇ ಬಿಲ್ಲಿನ ಪಕ್ಕಕ್ಕೆ ಬಂದು ಉಜ್ಜುತ್ತಿರುತ್ತದೆ. ಆಸ್ಕಂ ಹೇಳಿದ ಗರಿಯ ಹಾನಿ ಇದೇ.

ಈಗ ಎತ್ತರವನ್ನು ಬದಲಿಸುವ ಬಗೆ. ಹೆದೆ ಇಳಿಸಿ, ಒಂದು ತುದಿಯ ಕುಣಿಕೆಯನ್ನು ಬಿಲ್ಲಿನಿಂದ ತೆಗೆದು, ಹೆದೆಗೆ ನಾಲ್ಕು ಸುತ್ತು ಹುರಿ ಕೊಟ್ಟು ಮತ್ತೆ ಹಾಕುವುದು. ಹುರಿ ಬಿದ್ದಷ್ಟು ದಾರ ಗಿಡ್ಡವಾಗುತ್ತದೆ, ಗಿಡ್ಡವಾದಷ್ಟು ಬಿಲ್ಲು ಬಾಗಿ ಹೆದೆ ದೂರ ಸರಿಯುತ್ತದೆ. ಇಲ್ಲಿ ಒಂದು ಸೊಗಸಿದೆ. ಬಿಲ್ಲೂ ಹೆದೆಯೂ ಸೇರಿ ಆಗುವ ಆಕಾರ ಎಷ್ಟು ಚಪ್ಪಟೆಯೆಂದರೆ ಹೆದೆ ಕಾಲು ಇಂಚು ಗಿಡ್ಡವಾದರೆ ಎತ್ತರ ಅರ್ಧ ಇಂಚಿಗೂ ಮಿಕ್ಕಿ ಏರಬಹುದು. ಆದ್ದರಿಂದ ಕೈ ಧಾರಾಳ ಮಾಡಬಾರದು. ಹುರಿಯನ್ನು ಮೊದಲೇ ಇರುವ ದಿಕ್ಕಿನಲ್ಲೇ ಕೊಡಬೇಕು. ಕುಣಿಕೆಯನ್ನು ಹೆಣೆದು ಮಾಡಿದ ಹೆದೆಯಾದರೆ ಹುರಿಯೇ ಅದರ ಗಂಟು, ಪೂರ್ತಿ ಬಿಚ್ಚಿದರೆ ಕುಣಿಕೆ ಜಾರಿ ಬಿಲ್ಲು ಮುಖಕ್ಕೇ ಸಿಡಿಯಬಹುದು. ಹುರಿ ಹೆಚ್ಚಾಗಿ ಹೆದೆ ಸುರುಳಿ ಸುರುಳಿಯಾಗಿ ಗಂಟಿಕ್ಕಲು ನೋಡಿತೆಂದರೆ ಆ ಬಿಲ್ಲಿಗೆ ಆ ಹೆದೆ ಉದ್ದವಾಯಿತು, ಬೇರೆ ತರಬೇಕು ಎಂದರ್ಥ. ರಿಕರ್ವ್‌ಗೆ ಬಿಲ್ಲಿನ ಹೆಸರಿಗಿರುವ ಉದ್ದಕ್ಕಿಂತ ನಾಲ್ಕು ಇಂಚು, ನೀಳ ಬಿಲ್ಲಿಗೆ ಮೂರು ಇಂಚು ಗಿಡ್ಡ ಹೆದೆ ಎಂಬುದು ಅಂಗಡಿಯವರ ಲೆಕ್ಕ. ಕಾಲಡ್ಡ ಹಾಕಿ ಬಿಲ್ಲು ಬಗ್ಗಿಸುವ ಸಿನಿಮಾ ಶೈಲಿ ಬೇಡ, ಬಿಲ್ಲಿನ ತೋಳು ತಿರುಚಿಕೊಳ್ಳುತ್ತದೆ. ಹೆದೆಯೇರಿಸಲೆಂದೇ ಹಗ್ಗದ ಸ್ಟ್ರಿಂಗರ್ ಸಿಗುತ್ತದೆ, ಅದನ್ನೇ ಬಳಸಬೇಕು.

ಎಷ್ಟಕ್ಕೆ ನಿಲ್ಲಿಸುವುದು ಎಂದು ಹಿರಿಯರನ್ನು ಕೇಳಿದರೆ, “ಅದನ್ನ ಬಿಲ್ಲೇ ಹೇಳುತ್ತೆ ಸಾರ್, ನೀವು ಕೇಳಿಸ್ಕೋಬೇಕು” ಅಂದರು. ಮೊದಲಿಗೆ ಇದು ಸ್ವಾಮಿಗಳ ಮಾತಿನಂತೆ ಕೇಳಿಸಿತು. ಆಮೇಲೆ ನೋಡಿದರೆ ಶುದ್ಧ ಲೆಕ್ಕಾಚಾರ. ಎಳೆದಾಗ ಬಿಲ್ಲಿಗೆ ತುಂಬಿದ ಶಕ್ತಿಯೆಲ್ಲ ಬಾಣಕ್ಕೇ ಹೋಗುವುದಿಲ್ಲ. ಉಳಿದದ್ದು ತೋಳುಗಳ ನಡುಕವಾಗಿ, ಹೆದೆಯ ಮಿಡಿತವಾಗಿ, ಅಂಗೈಗೆ ಬೀಳುವ ಗುದ್ದಾಗಿ ಹೊರಬರಬೇಕು. ರಿಕರ್ವ್ ಬಿಲ್ಲಿನ ಬಾಗಿದ ತುದಿಗಳ ಮೇಲೆ ಹೆದೆ ಒಂದಿಷ್ಟು ಉದ್ದ ಒರಗಿರುತ್ತದೆ, ಬಾಣ ಹೋದ ಮೇಲೆ ಅಲ್ಲಿ ಪಟಾರನೆ ಬಡಿಯುತ್ತದೆ. ಎತ್ತರ ಬದಲಾದರೆ ಆ ಬಡಿತದ ಬಗೆ ಬದಲಾಗುತ್ತದೆ. ಎಲ್ಲೋ ಒಂದು ಕಡೆ ಇದೆಲ್ಲ ಕಡಿಮೆಯಾಗುತ್ತದೆ. ಕಿವಿಗೆ ಅದು ಸದ್ದು ಇಳಿದಂತೆ, ಕೈಗೆ ಗುದ್ದು ತಗ್ಗಿದಂತೆ.

ಹುಡುಕಲು ಕೂತದ್ದು ಒಂದು ಶನಿವಾರ ಬೆಳಿಗ್ಗೆ, ಗಾಳಿ ಏಳುವ ಮುನ್ನ. ಬಿಡುವವನ ಕಿವಿಯನ್ನು ನಂಬುವಂತಿಲ್ಲ, ಅವನಿಗೆ ಏನು ಕೇಳಿಸಬೇಕೋ ಅದೇ ಕೇಳಿಸುತ್ತದೆ. ಆದ್ದರಿಂದ ಹನ್ನೊಂದು ವರ್ಷದ ಮಗಳನ್ನು ಹತ್ತು ಹೆಜ್ಜೆ ಹಿಂದೆ, ತೆಂಗಿನ ಬುಡದಲ್ಲಿ ಬೆನ್ನು ತಿರುಗಿಸಿ ಕೂರಿಸಿದೆ. ಕೈಗೆ ಒಂದು ನೋಟ್‌ಬುಕ್. ಎತ್ತರ ಎಷ್ಟಿದೆ ಎಂದು ಅವಳಿಗೆ ಹೇಳುವುದಿಲ್ಲ. ಪ್ರತಿ ಎತ್ತರಕ್ಕೆ ಆರು ಬಾಣ, ಅದೇ ಆರು ಬಾಣ. ಏಳೂವರೆಯಿಂದ ಶುರು. ಅವಳು ಬರೆದದ್ದು “ಜೋರು”. ನಾಲ್ಕು ಸುತ್ತು ಹುರಿ ಹಾಕಿ, ಅಳೆದು, ಮತ್ತೆ ಆರು. “ಜೋರು, ಆದ್ರೆ ಬೇರೆ ಥರ”. ಏಳೂಮುಕ್ಕಾಲರ ಹತ್ತಿರ ನನ್ನ ಅಂಗೈಗೆ ಮೊದಲ ಸಲ ವ್ಯತ್ಯಾಸ ಗೊತ್ತಾಯಿತು. ಬಾಣ ಬಿಟ್ಟ ಮೇಲೆ ಹೆಬ್ಬೆರಳಿನ ಬುಡದಲ್ಲಿ ಜುಮ್ಮೆನ್ನುತ್ತಿದ್ದದ್ದು ಇಲ್ಲ. ನೋಟ್‌ಬುಕ್ಕಿನಲ್ಲಿ “ಪರವಾಗಿಲ್ಲ”. ಎಂಟಕ್ಕೆ ಕೂದಲೆಳೆಯಷ್ಟು ಕಡಿಮೆ ಇದ್ದಾಗ ಸದ್ದು ಠಪ್ ಹೋಗಿ ಧಪ್ ಆಯಿತು, ಹಾಸಿಗೆ ಮೇಲೆ ದಿಂಬು ಬಿದ್ದ ಹಾಗೆ. ಅವಳು ಬರೆದಿದ್ದಳು: “ಇದು ಒಳ್ಳೇದು”. ಮುಂದಕ್ಕೂ ಹೋದೆ. ಎಂಟೂಕಾಲಕ್ಕೆ ಸ್ವರ ಮತ್ತೆ ತೆಳ್ಳಗಾಗಿ ಟಿಣ್ಣೆಂದಿತು. ಹುರಿ ಬಿಚ್ಚುತ್ತ ಹಿಂದೆ ಬಂದೆ. ಮೇಲೇರುವಾಗ ಸಿಕ್ಕ ಜಾಗವೇ ಇಳಿಯುವಾಗಲೂ ಸಿಗುತ್ತದೆಯೇ ನೋಡಬೇಕಿತ್ತು, ಯಾಕೆಂದರೆ ಅಷ್ಟರಲ್ಲಿ ನಲವತ್ತು ಬಾಣ ಬಿಟ್ಟ ಬೆರಳುಗಳು ದಣಿದಿದ್ದವು, ದಣಿದ ಬೆರಳು ಬಿಟ್ಟ ಬಾಣ ಯಾವ ಎತ್ತರದಲ್ಲೂ ಸದ್ದು ಮಾಡುತ್ತದೆ. ಸಿಕ್ಕಿತು. ಮಗಳಿಗೆ ಆಗಲೇ ಬೇಜಾರಾಗಿ ನೋಟ್‌ಬುಕ್ಕಿನಲ್ಲಿ ಬೆಕ್ಕು ಬರೆಯುತ್ತಿದ್ದಳು. ಬೆಕ್ಕಿನ ಪಕ್ಕದಲ್ಲಿ ಮತ್ತೊಮ್ಮೆ “ಒಳ್ಳೇದು” ಇತ್ತು.

ಎತ್ತರ ಬದಲಾದ ಮೇಲೆ ಹೆದೆಯ ಮೇಲೆ ಬಾಣ ಸಿಕ್ಕಿಸುವ ಗುರುತನ್ನೂ ಮತ್ತೆ ಅಳೆದು ಸರಿಪಡಿಸಬೇಕು. ಇನ್ನೊಂದು ಎಚ್ಚರಿಕೆ. ತೀರ ಹಗುರ ಬಾಣ ಹಾಕಿದರೆ ಯಾವ ಎತ್ತರದಲ್ಲೂ ಬಿಲ್ಲು ಸುಮ್ಮನಾಗುವುದಿಲ್ಲ, ಏಕೆಂದರೆ ಶಕ್ತಿಯನ್ನು ಹೊತ್ತೊಯ್ಯುವಷ್ಟು ತೂಕ ಅದಕ್ಕಿಲ್ಲ. ಬಿಲ್ಲಿನ ಪ್ರತಿ ಪೌಂಡಿಗೆ ಎಂಟರಿಂದ ಹತ್ತು ಗ್ರೇನ್ ಬಾಣ ಇರಲಿ ಎನ್ನುತ್ತಾರೆ. ಗ್ರೇನ್ ಅಂದರೆ ಮೂಲದಲ್ಲಿ ಕಾಳು, 7000 ಕಾಳಿಗೆ ಒಂದು ಪೌಂಡು. ಚಿನಿವಾರರ ತಕ್ಕಡಿಯ ಗುಲಗಂಜಿಗೆ ದೂರದ ನೆಂಟ. ನನ್ನ 35 ಪೌಂಡಿನ ಬಿಲ್ಲಿಗೆ 280ರಿಂದ 350 ಗ್ರೇನ್ ಆಯಿತು.

ಕಾರ್ಖಾನೆಯ ಚೀಟಿ ಇಲ್ಲದ ಬಿಲ್ಲುಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಬಿದಿರಿನ ಬಿಲ್ಲು ಹಿಡಿದು 30 ಮತ್ತು 50 ಮೀಟರಿನಲ್ಲಿ ಆಡುವ ಇಂಡಿಯನ್ ರೌಂಡ್ ಎಂಬ ಸ್ಪರ್ಧೆಯೇ ನಮ್ಮ ದೇಶದಲ್ಲಿದೆ. ಅದೇ ಊರಿನ, ಅದೇ ಮೆಳೆಯ ಎರಡು ಬಿದಿರು ಒಂದೇ ಥರ ಬಾಗುವುದಿಲ್ಲ. ಅಂಥ ಬಿಲ್ಲಿಗೆ ಹೆಬ್ಬೆರಳು ನಿಲ್ಲಿಸಿದ ಮುಷ್ಟಿಯಿಂದ ಶುರುಮಾಡಿ ಕಿವಿ ಹೇಳಿದಂತೆ ಸ್ವಲ್ಪ ಸ್ವಲ್ಪ ಏರಿಸುವುದು ವಾಸಿ.

ಹೆದೆ ಯಾವುದರದ್ದು ಎಂಬುದೂ ಎತ್ತರದ ಲೆಕ್ಕಕ್ಕೆ ಸೇರಿದ್ದೇ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯುಧಾಗಾರದ ಅಧಿಕಾರಿ ಇಡಬೇಕಾದ ಹೆದೆಗಳ ಪಟ್ಟಿಯಿದೆ: ಮೂರ್ವೆ, ಎಕ್ಕ, ಸೆಣಬು, ಗವೇಧು, ಬಿದಿರು, ಪ್ರಾಣಿಗಳ ನರ. ಮೂರ್ವೆಯ ನಾರಿನಿಂದ ಆದದ್ದೇ ಮೌರ್ವಿ, ಕಾವ್ಯಗಳಲ್ಲಿ ಹೆದೆಗೆ ಬರುವ ಹೆಸರು. ಈಗ ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಸ್ನೇಕ್ ಪ್ಲಾಂಟ್ ಎಂದು ಸಾಕುವ ಗಿಡ ಇದರದೇ ಬಳಗ. ಎಕ್ಕದ ನಾರು ಹಿಗ್ಗುವ ಬಗೆ ಬೇರೆ, ನರ ಹಸಿಯಾದರೆ ಜೋಲುವ ಬಗೆ ಬೇರೆ. ಎತ್ತರ ಒಮ್ಮೆ ಗೊತ್ತುಮಾಡಿ ಮರೆಯುವ ಸಂಗತಿಯಾಗಿರಲು ಸಾಧ್ಯವೇ ಇರಲಿಲ್ಲ. ಡೇಕ್ರಾನಿನದೂ ಸ್ವಭಾವ ತೀರ ಬೇರೆಯಲ್ಲ. ಹಿಗ್ಗದ ಹೊಸ ನೂಲುಗಳು ಬಂದಿವೆ, ಆದರೆ ತುದಿ ಗಟ್ಟಿಮಾಡಿರದ ಹಳೆಯ ಬಿಲ್ಲಿಗೆ ಅವನ್ನು ಹಾಕಿದರೆ ಪೆಟ್ಟೆಲ್ಲ ತುದಿಗೆ ಬಿದ್ದು ಸೀಳುತ್ತದೆ.

ಸದ್ದಿಲ್ಲದ ಬಿಲ್ಲೇ ಒಳ್ಳೆಯ ಬಿಲ್ಲು ಎಂದು ನಾನು ನಿರ್ಧರಿಸಿದ ಮೇಲೂ ಒಂದು ಕಸಿವಿಸಿ ಉಳಿದಿದೆ. ನಮ್ಮ ಕಾವ್ಯಗಳಲ್ಲಿ ಬಿಲ್ಲು ಸುಮ್ಮನಿದ್ದದ್ದೇ ಇಲ್ಲ. ಯಕ್ಷಗಾನದ ಅರ್ಜುನ ಬಿಲ್ಲಿನ ಠೇಂಕಾರ ಮಾಡಿದರೆ ಚೆಂಡೆಯವರು ಅದಕ್ಕೆ ತಕ್ಕಂತೆ ಬಾರಿಸಬೇಕು, ದಿಕ್ಕುಗಳು ನಡುಗಬೇಕು. ಜಪಾನಿನವರಂತೂ ಬಾಣ ಬಿಟ್ಟಾಗ ಹೆದೆ ಬಿಲ್ಲಿಗೆ ತಾಗಿ ಹೊಮ್ಮುವ ದನಿಗೆ ತ್ಸುರುನೆ ಎಂದು ಹೆಸರಿಟ್ಟು, ಅದು ಸ್ಪಷ್ಟವಾಗಿ ಕೇಳಲಿ ಎಂದು ಬಯಸುತ್ತಾರೆ. ನಾನು ನನ್ನನ್ನು ಸಮಾಧಾನಪಡಿಸಿಕೊಂಡದ್ದು ಹೀಗೆ: ಠೇಂಕಾರ ಬಾಣವಿಲ್ಲದೆ ಹೆದೆಯನ್ನು ಮೀಟಿದ್ದು, ಶತ್ರುವಿಗೆ ಕೇಳಿಸಲೆಂದೇ ಮಾಡಿದ್ದು. ತ್ಸುರುನೆ ಎತ್ತರವೂ ಬಿಡುವ ಕೈಯೂ ಕೂಡಿಬಂದಾಗ ಸಿಗುವ ಒಂದೇ ಒಂದು ಸ್ವಚ್ಛ ಸ್ವರ. ನನ್ನ ಬಿಲ್ಲು ಮೊದಲ ಭಾನುವಾರ ಮಾಡಿದ್ದು ಇವೆರಡೂ ಅಲ್ಲ, ಅದು ಬರೀ ಗಲಾಟೆ.

ಎಂಟಕ್ಕೆ ಕೂದಲೆಳೆ ಕಡಿಮೆ ಎಂಬುದನ್ನು ಬಿಲ್ಲಿನ ಕೆಳತೋಳಿನ ಒಳಮೈಯಲ್ಲಿ ಪೆನ್ಸಿಲ್ಲಿನಿಂದ ಬರೆದಿಟ್ಟೆ. ಮೂರು ವಾರದ ಮೇಲೆ ಏಪ್ರಿಲ್ ಬಿಸಿಲಿನಲ್ಲಿ ಬಿಲ್ಲನ್ನು ಕಾರಿನಲ್ಲೇ ಬಿಟ್ಟು ಕಾಫಿಗೆ ಹೋಗಿದ್ದೆ. ವಾಪಸು ಬಂದು ಹೆದೆಯೇರಿಸಿ ಬಿಟ್ಟ ಮೊದಲ ಬಾಣಕ್ಕೇ ಹಿರಿಯರು ಆಚೆಯಿಂದ ತಿರುಗಿ ನೋಡಿದರು, ಏನೂ ಹೇಳಲಿಲ್ಲ. ಪಟ್ಟಿ ಇಟ್ಟು ನೋಡಿದೆ. ಏಳೂವರೆಗೆ ಇಳಿದಿತ್ತು. ಹೆದೆ ಇಳಿಸಿ, ಮೇಣ ಉಜ್ಜಿ, ಆರು ಸುತ್ತು ಹುರಿ ಹಾಕಿದೆ.